ಮೂರನೇ ನಂಬರಿನ ಡಬ್ಬಿ

ಇವತ್ತು ಹುರುಳಿ ಸಾರಿಗೆ ಒಗ್ಗರಣೆ ಇಡುವಾಗ ಸಾಸಿವೆ ಸಿಡಿಯಲಿಲ್ಲ. ತೆಂಗಿನೆಣ್ಣೆ ಸರಿಯಾಗಿಯೇ ಕಾದಿತ್ತು. ಬೆಳ್ಳುಳ್ಳಿ ಜಜ್ಜಿ ಪಕ್ಕದಲ್ಲಿಟ್ಟುಕೊಂಡಿದ್ದೆ. ಕಪ್ಪು ಕಾಳು ಮಾತ್ರ ಎಣ್ಣೆಯಲ್ಲಿ ಸುಮ್ಮನೆ ಕೂತಿತ್ತು. ಹಳೆಯ ಸಾಸಿವೆ ಇರಬೇಕು ಎಂದು ಉರಿ ಹೆಚ್ಚು ಮಾಡಿದೆ. ಆಗ ಬಂತು ನೋಡಿ ವಾಸನೆ. ಘಾಟಿ ಇಳಿಯುವ ಲಾರಿ ಬ್ರೇಕು ಹಿಡಿದರೆ ಬರುತ್ತದಲ್ಲ, ಆ ವಾಸನೆ. ಗೊತ್ತಾಗುವಷ್ಟರಲ್ಲಿ ನನ್ನ ಕೈ ಬೆಳ್ಳುಳ್ಳಿಯನ್ನೂ ಹಾಕಿ, ಸೌಟನ್ನು ಸಾರಿಗೆ ಬಗ್ಗಿಸಿಯೂ ಆಗಿತ್ತು. ಅರುವತ್ತು ವರ್ಷ ಒಗ್ಗರಣೆ ಹಾಕಿದ ಕೈ ಬುದ್ಧಿಗೆ ಕಾಯುವುದಿಲ್ಲ.

ಒಳಕೋಣೆಯಿಂದ ಮೊಮ್ಮಗಳು ಮೂಗು ಹಿಡಿದುಕೊಂಡು ಬಂದಳು. "ದೊಡ್ಡಾ, ವಾಟ್ ಈಸ್ ದಟ್ ಸ್ಮೆಲ್?" ಎಂದಳು. ಏನೂ ಇಲ್ಲ, ಹೋಗು ಎಂದೆ. ಕಿಟಕಿ ತೆಗೆಯುವ ಹಾಗಿಲ್ಲ, ಹೊರಗೆ ಸೆಪ್ಟೆಂಬರಿನ ಬಿಸಿ. ಏಸಿ ಆ ವಾಸನೆಯನ್ನೇ ಸುತ್ತಿಸಿ ಸುತ್ತಿಸಿ ಎಲ್ಲ ಕೋಣೆಗೂ ಹಂಚಿತು.

ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನನ್ನ ಒಂದು ಕಣ್ಣಿನ ಪೊರೆ ತೆಗೆಸಿ ಆಗಿದೆ, ಇನ್ನೊಂದು ಬಾಕಿ ಇದೆ. ಮುಚ್ಚಳದ ಮೇಲೆ ನೇಲ್ ಪಾಲಿಶ್‌ನಲ್ಲಿ ನಾನೇ ಬರೆದ ಮೂರು ಎಂಬ ಅಂಕೆ ಇತ್ತು. ಒಳಗಿದ್ದದ್ದು ಸಾಸಿವೆಯಲ್ಲ, ರಬ್ಬರಿನ ಕಾಳು. ಸಾಸಿವೆ ಡಬ್ಬಿಯ ಹಿಂದೆ ಅದನ್ನು ಮೂರು ವರ್ಷದಿಂದ ಇಟ್ಟುಕೊಂಡಿದ್ದೇನೆ. ಯಾಕೆ ಇಟ್ಟುಕೊಂಡಿದ್ದೇನೆ ಎಂದು ಈ ಮನೆಯಲ್ಲಿ ಯಾರೂ ಕೇಳಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ. ನೀವು ಕೇಳಿದ್ದೀರಿ ಎಂದೇ ಇಟ್ಟುಕೊಳ್ಳುವ. ನಿಮಗೆ ಸುಳ್ಳು ಹೇಳಿ ನನಗೇನೂ ಸಿಗಲಿಕ್ಕಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಅಲ್ಲಿಂದ ಮುಂದೆ ಕಲಿತದ್ದೆಲ್ಲ ಮೀನು ಮಾರ್ಕೆಟ್ಟಿನಲ್ಲಿ. ಉಡುಪಿ ಕಡೆಯ ಒಂದು ಬಂದರಿನಲ್ಲಿ ಇಪ್ಪತ್ತೆರಡು ವರ್ಷ ಬುಟ್ಟಿ ಇಟ್ಟುಕೊಂಡು ಕೂತವಳು. ಗಂಡ ಬೇಗ ಸತ್ತ, ಮಕ್ಕಳಾಗಲಿಲ್ಲ, ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ತಂಗಿಯ ಮಗ ಸುರೇಶ ದುಬೈಗೆ ಬಂದು, ಮದುವೆಯಾಗಿ, ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ, ಮಗುವನ್ನು ನೋಡುವವರಿಲ್ಲ ಎಂದಾಗ ನನ್ನನ್ನು ಕರೆಸಿಕೊಂಡ. ಮೂರು ತಿಂಗಳಿಗೆ ಎಂದು ಬಂದವಳು ಬರ್ ದುಬೈಯ ಈ ಫ್ಲಾಟಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಸುರೇಶ ನನ್ನನ್ನು ದೊಡ್ಡಮ್ಮ ಎನ್ನುತ್ತಾನೆ. ಅವನ ಫುಟ್‌ಬಾಲ್ ತಂಡದ ಗಂಡಸರೂ ಹಾಗೆಯೇ ಕರೆಯುತ್ತಾರೆ, ಅವರಲ್ಲಿ ಕೆಲವರ ತಲೆ ನನ್ನದಕ್ಕಿಂತ ಬೆಳ್ಳಗಾಗಿದ್ದರೂ.

ಹೌದು, ಫುಟ್‌ಬಾಲ್. ಊರಲ್ಲಿ ದೋಣಿ ಎಳೆದು ಹಾಕಿದ ಮೇಲೆ ಹುಡುಗರು ಕಡಲ ಬದಿಯ ಹೊಯಿಗೆಯಲ್ಲಿ ಚೆಂಡು ಒದೆಯುತ್ತಿದ್ದರು, ನಾನು ಕತ್ತೆತ್ತಿ ನೋಡಿದವಳಲ್ಲ. ಚೆಂಡು ಬುಟ್ಟಿಗೆ ಬಿದ್ದರೆ ಬೈಯುತ್ತಿದ್ದೆ, ಅಷ್ಟೇ. ಇಲ್ಲಿಗೆ ಬಂದ ಮೇಲೆ ಮಗುವನ್ನು ಎತ್ತಿಕೊಂಡು ಒಂದು ದಿನ ಸುರೇಶನ ಜೊತೆ ಗ್ರೌಂಡಿಗೆ ಹೋದೆ. ಎದುರು ತಂಡದವನೊಬ್ಬ ನಮ್ಮವನ ಕಾಲಿಗೆ ಕಾಲು ಕೊಟ್ಟು ಬೀಳಿಸಿ, ಏನೂ ಆಗದವನ ಹಾಗೆ ಎರಡು ಕೈ ಎತ್ತಿದ. ನನಗೆ ಮಾರ್ಕೆಟ್ಟಿನ ಬಾಯಿ ಬಂತು. ಇಪ್ಪತ್ತೆರಡು ವರ್ಷದಲ್ಲಿ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ರೆಫರಿ ಈಜಿಪ್ಟಿನವ, ಅವನಿಗೆ ಅರ್ಥವಾಗಲಿಲ್ಲ, ಅರ್ಥವಾದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ನಾನು ತಂಡದವಳು.

ತಂಡದ ಹೆಸರು ಅಳಿವೆ ಬಾಯ್ಸ್. ಕರಾವಳಿಯವರದ್ದೇ ಎಂಟು ತಂಡಗಳು, ದುಬೈಯಲ್ಲಿ ಐದು, ಅಬುಧಾಬಿಯಲ್ಲಿ ಮೂರು. ಚಳಿಗಾಲದ ಶನಿವಾರಗಳಲ್ಲಿ ಏಳೇಳು ಜನರ ಆಟ. ಆಟ ಶುರುವಾಗುವ ಮೊದಲು, ಸೆಪ್ಟೆಂಬರಿನಲ್ಲಿ, ಡ್ರಾಫ್ಟ್ ಎಂದು ಮಾಡುತ್ತಾರೆ. ಪ್ರತಿ ತಂಡವೂ ಹಿಂದಿನ ವರ್ಷದ ನಾಲ್ವರು ಆಟಗಾರರನ್ನು ಮಾತ್ರ ಉಳಿಸಿಕೊಳ್ಳಬಹುದು. ಮಿಕ್ಕವರ ಹೆಸರೆಲ್ಲ ಒಂದೇ ಪಟ್ಟಿಗೆ ಹೋಗುತ್ತದೆ. ಒಂದು ಹೋಟೆಲಿನ ಹಾಲಿನಲ್ಲಿ ಎಂಟು ತಂಡದವರು ಕೂತು, ಸರದಿಯ ಮೇಲೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾರೆ. ಹಿಂದಿನ ವರ್ಷ ಕೊನೆಗೆ ಬಂದವರಿಗೆ ಮೊದಲ ಸರದಿ. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬೋಟು ಬಂದಾಗ ದಕ್ಕೆಯಲ್ಲಿ ನಡೆಯುವುದೂ ಇದೇ. ಒಳ್ಳೆಯ ಅಂಜಲ್ ಮೀನು ಮೊದಲು ಹೋಗುತ್ತದೆ, ಬಂಗುಡೆ ಆಮೇಲೆ, ಕೊನೆಗೆ ತಳದಲ್ಲಿ ಉಳಿದದ್ದನ್ನು ಕೋಳಿಗೆ ಹಾಕುತ್ತಾರೆ.

ಆದರೆ ದುಬೈಯ ತಂಡದ ನಿಜವಾದ ಡ್ರಾಫ್ಟ್ ನಡೆಯುವುದು ಆ ಹಾಲಿನಲ್ಲಲ್ಲ, ಕಂಪನಿಗಳ ಆಫೀಸಿನಲ್ಲಿ. ಗೋಲು ಕಾಯುವ ನಮ್ಮ ಗೋಲಿ ಒಳ್ಳೆಯವನಿದ್ದ, ಕೆನಡಾಕ್ಕೆ ಹೋದ. ಅವನ ಜಾಗಕ್ಕೆ ಬಂದವನನ್ನು ಕಂಪನಿ ಮಸ್ಕತ್ತಿಗೆ ಹಾಕಿತು. ಮುಂದೆ ಆಡುವ ಒಬ್ಬನಿದ್ದ, ಎರಡು ಕಾಲಿನಲ್ಲೂ ಒದೆಯುತ್ತಿದ್ದ, ಸೆಮಿಫೈನಲಿನ ಹಿಂದಿನ ದಿನ ವೀಸಾ ಕ್ಯಾನ್ಸಲ್. ಅಭಿಮಾನಿ ಎಂದು ಹೇಳಿಕೊಳ್ಳುವವರಿಗೆ ಇಲ್ಲಿ ಸುಖವಿಲ್ಲ. ಒಬ್ಬನ ಹೆಸರು ಬಾಯಿಗೆ ಬರುವಷ್ಟರಲ್ಲಿ ಅವನು ವಿಮಾನದಲ್ಲಿರುತ್ತಾನೆ. ಇದರ ಮೇಲೆ ನಮ್ಮ ಸುರೇಶನ ಹುಚ್ಚು ಬೇರೆ. ಅವನು ಮ್ಯಾನೇಜರ್. ಪ್ರತಿ ವರ್ಷ ಗೋಲು ಹೊಡೆಯುವವರನ್ನೇ ಆರಿಸುತ್ತಾನೆ, ತಡೆಯುವವರು ಬೇಡ ಅವನಿಗೆ. ಬಾಗಿಲಿಲ್ಲದ ಮನೆಗೆ ಚಂದದ ಕಿಟಕಿ ಇಟ್ಟ ಹಾಗೆ. ನಾನು ಹೇಳಿ ಹೇಳಿ ಸೋತೆ.

ಇನ್ನು ಆ ರಬ್ಬರಿನ ಕಾಳಿನ ವಿಷಯ. ಇಲ್ಲಿಯ ಗ್ರೌಂಡಿನ ಹುಲ್ಲು ಪ್ಲಾಸ್ಟಿಕ್ಕಿನದು. ಅದರ ಬುಡದಲ್ಲಿ ಟಯರು ಅರೆದು ಮಾಡಿದ ಕಪ್ಪು ಕಾಳನ್ನು ತುಂಬಿರುತ್ತಾರೆ. ಓಡಿದವನ, ಬಿದ್ದವನ, ಜಾರಿ ಚೆಂಡು ಕಿತ್ತವನ ಕಾಲುಚೀಲದೊಳಗೆ ಅದು ಹೋಗಿ ಕೂರುತ್ತದೆ. ಆಟ ಮುಗಿದ ಮೇಲೆ ಜೆರ್ಸಿ, ಚಡ್ಡಿ, ಕಾಲುಚೀಲ ಎಲ್ಲವನ್ನೂ ಒಂದು ದೊಡ್ಡ ನೀಲಿ ಬ್ಯಾಗಿಗೆ ತುಂಬಿ ಸುರೇಶ ಮನೆಗೆ ತರುವುದು ಪದ್ಧತಿ. ಅವರವರ ಹತ್ತಿರ ಬಿಟ್ಟರೆ ಮುಂದಿನ ವಾರಕ್ಕೆ ಅರ್ಧ ಕಾಣೆಯಾಗುತ್ತದೆ. ಅದಲುಬದಲಾಗದ ಹಾಗೆ ಕಾಲುಚೀಲಕ್ಕೂ ನಂಬರು, ಎಡ ಬಲದ ಗುರುತು ಹಾಕಿರುತ್ತಾರೆ. ಮೊದಲ ವರ್ಷ ಹಾಗೆಯೇ ಮೆಷಿನ್ನಿಗೆ ಹಾಕಿ ಅದರ ಪೈಪು ಕಟ್ಟಿಹೋಯಿತು, ಸುರೇಶನ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಆಮೇಲೆ ನಾನೇ ಬಾತ್‌ರೂಮಿನಲ್ಲಿ ಮಣೆ ಹಾಕಿ ಕೂತು, ಒಂದೊಂದೇ ಕಾಲುಚೀಲವನ್ನು ಒಳಹೊರಗು ಮಾಡಿ, ಬೆರಳಿನಿಂದ ಕಾಳು ಕೆರೆದು ತೆಗೆಯತೊಡಗಿದೆ. ಮೀನು ಕೊಯ್ದು ಕೊಯ್ದು ಸೊಟ್ಟಗಾದ ಬೆರಳು ನನ್ನದು. ನೋಯುತ್ತಿತ್ತು. ನೋಯುವುದಕ್ಕೆ ಏನು, ಎಲ್ಲರಿಗೂ ಎಲ್ಲಾದರೂ ನೋಯುತ್ತದೆ.

ಹೀಗೆ ಕೆರೆಯುವಾಗ ನನಗೊಂದು ತಿಳಿಯಿತು. ಗ್ರೌಂಡಿನಲ್ಲಿ ಕೈ ಬೀಸಿ ಬೊಬ್ಬೆ ಹಾಕುವವನ ಕಾಲುಚೀಲದಲ್ಲಿ ಕಾಳೇ ಇಲ್ಲ. ಬಾಯಿ ಮುಚ್ಚಿ ಆಡುವವನದ್ದರಲ್ಲಿ ಒಂದು ಹಿಡಿ. ಕಿವಿರು ಎತ್ತಿ ನೋಡಿದರೆ ಮೀನು ಯಾವಾಗ ಹಿಡಿದದ್ದು ಎಂದು ಗೊತ್ತಾಗುತ್ತದಲ್ಲ, ಹಾಗೆ. ತಮಾಷೆಗೆಂದು ಒಬ್ಬೊಬ್ಬರ ಕಾಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಟ್ಟೆ. ಮುಚ್ಚಳದ ಮೇಲೆ ಅವರ ಜೆರ್ಸಿಯ ನಂಬರು ಬರೆದೆ. ಪ್ರತಿ ವರ್ಷ ಆಟ ಶುರುವಾಗುವಾಗ ಡಬ್ಬಿ ಖಾಲಿ ಮಾಡುತ್ತಿದ್ದೆ. ಒಂದು ವರ್ಷ ಹತ್ತನೇ ನಂಬರಿನವನ ಎಡಗಾಲಿನ ಚೀಲದಲ್ಲಿ ತುಂಬ ಕಾಳು, ಬಲಗಾಲಿನದ್ದು ಖಾಲಿ.

"ಸುರೇಶಾ, ಆ ಹತ್ತು ನಂಬರಿನವ ಬಲಗಾಲು ಊರುದಿಲ್ಲ. ಎಂತದೋ ಮುಚ್ಚಿಡ್ತಾ ಇದ್ದಾನೆ" ಎಂದೆ.

"ನೀವು ಬಾತ್‌ರೂಮಲ್ಲಿ ಕೂತು ಡಾಕ್ಟ್ರಾದ್ರಾ ದೊಡ್ಡಮ್ಮ?" ಎಂದು ನಕ್ಕ.

ಎಕ್ಸ್‌ರೇ ತೆಗೆಸಿದರೆ ಪಾದದ ಎಲುಬಿನಲ್ಲಿ ಬಿರುಕು. ಅವತ್ತಿನಿಂದ ದೊಡ್ಡಮ್ಮನ ಟೆಸ್ಟ್ ಎಂದು ನನ್ನ ಹೆಸರು ಅಬುಧಾಬಿಯವರೆಗೆ ಹೋಯಿತು. ನನಗೆ ಕೊಂಬು ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ನಾಲ್ವರನ್ನು ಉಳಿಸಿಕೊಳ್ಳುವ ಪಟ್ಟಿ ಮಾಡುವಾಗ ಸುರೇಶ ಅಡುಗೆಮನೆಗೆ ಬಂದು ನಿಲ್ಲುತ್ತಿದ್ದ. ನಾನು ಡಬ್ಬಿಗಳನ್ನು ಸಾಲಾಗಿ ಇಟ್ಟು, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಇವನು ಇರಲಿ, ಇವನು ಬೇಡ ಎನ್ನುತ್ತಿದ್ದೆ. ಈಗ ಬರೆಯುವಾಗ ನನಗೇ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಮೂರನೇ ನಂಬರಿನವನ ಹೆಸರು ಗಿಲ್ಬರ್ಟ್. ಎಡಗಡೆಯಲ್ಲಿ ತಡೆಯುವವನು. ಅಬುಧಾಬಿಯ ಖಾಲಿದಿಯಾದಲ್ಲಿ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ಶನಿವಾರ ಬೆಳಗ್ಗಿನ ಡ್ಯೂಟಿ ಮುಗಿಸಿ, ಎರಡು ತಾಸು ಬಸ್ಸಿನಲ್ಲಿ ಕೂತು ಗುಬೈಬಾ ಬಸ್ ಸ್ಟ್ಯಾಂಡಿಗೆ ಬಂದಿಳಿದು, ನಮ್ಮ ಮನೆಯಲ್ಲಿ ಎರಡು ತುತ್ತು ಉಂಡು ಆಟಕ್ಕೆ ಹೋಗುತ್ತಿದ್ದ. ನಮ್ಮ ಕಡೆ ತುಳುವರು ಕ್ರಿಸ್ತಿಯನ್ನರನ್ನು ಪೊರ್ಬುಗಳು ಎಂದು ಗೌರವದಿಂದ ಕರೆಯುವುದುಂಟು. ನಾನೂ ಹಾಗೆಯೇ ಕರೆಯುತ್ತಿದ್ದೆ, ಗೌರವದಿಂದಲ್ಲ, ಕೀಟಲೆಗೆ.

"ಎಂತ ಪೊರ್ಬುಗಳೇ, ಇವತ್ತು ಎಷ್ಟು ಗೋಲು ಬಿಡ್ತೀರಿ?"

"ದೊಡ್ಡಮ್ಮ, ನನ್ನ ಸೈಡಿಂದ ಬಂದ್ರೆ ನಿಮ್ಮ ಸೌಟಲ್ಲಿ ಹೊಡೀರಿ. ಬೇರೆ ಸೈಡಿಂದು ನಂಗೊತ್ತಿಲ್ಲ."

ಅಷ್ಟೇ ಮಾತು. ಉಂಡ ಬಟ್ಟಲನ್ನು ತೊಳೆದಿಟ್ಟು, ಕೈ ಒರೆಸಿದ ಟವೆಲನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ ಇಡುತ್ತಿದ್ದ. ಲಾಂಡ್ರಿಯವರ ಕೈ. ಏಳು ವರ್ಷ ಅವನ ಡಬ್ಬಿಯೇ ಎಲ್ಲರದ್ದಕ್ಕಿಂತ ಭಾರ. ಏಳು ವರ್ಷವೂ ಉಳಿಸಿಕೊಂಡ ನಾಲ್ವರಲ್ಲಿ ಮೊದಲ ಹೆಸರು ಅವನದು.

ಎಂಟನೆಯ ವರ್ಷ ಡಬ್ಬಿ ತುಂಬಲಿಲ್ಲ. ಪ್ರತಿ ವಾರ ಕಾಲುಚೀಲ ತಿರುಗಿಸಿದರೆ ನಾಲ್ಕು ಕಾಳು, ಐದು ಕಾಳು. ಒದ್ದೆಯಾಗಿರುತ್ತಿತ್ತು, ಆದರೆ ಬೆವರಿಗೆ ಎಲ್ಲರದ್ದೂ ಒದ್ದೆಯೇ. ಆ ವರ್ಷ ನನ್ನ ಎರಡು ಕಣ್ಣಿಗೂ ಪೊರೆ ಬಂದು, ಗ್ರೌಂಡಿಗೆ ಹೋದರೆ ಮನುಷ್ಯರೂ ಲೈಟ್ ಕಂಬವೂ ಒಂದೇ ಆಗಿ ಕಾಣುತ್ತಿತ್ತು. ಹಾಗಾಗಿ ಹೋಗುವುದನ್ನು ಬಿಟ್ಟಿದ್ದೆ. ಬೆರಳು ಹೇಳಿದ್ದನ್ನೇ ನಂಬಿದೆ. ಪೊರ್ಬುವಿಗೆ ಮೂವತ್ತಾರು ದಾಟಿತು, ಕಾಲು ಹೋಯಿತು, ನಿಂತಲ್ಲೇ ನಿಂತು ದಿನ ತಳ್ಳುತ್ತಿದ್ದಾನೆ ಎಂದು ತೀರ್ಮಾನ ಮಾಡಿದೆ. ಫೈನಲಿನಲ್ಲಿ ನಾವು ಸೋತೆವು, ಗೋಲು ಎಡಗಡೆಯಿಂದಲೇ ಬಂದಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಉಳಿಸಿಕೊಳ್ಳುವ ಪಟ್ಟಿ ಎಂದರೆ ಮಿಕ್ಕವರಿಗೆ ಮರ್ಯಾದೆಯ ಪ್ರಶ್ನೆ ಮಾತ್ರ. ಅವರಿಗೆ ಆಫೀಸು, ಕಾರು, ಮನೆ ಎಲ್ಲ ಇದೆ. ಗಿಲ್ಬರ್ಟನಿಗೆ ಹಾಗಲ್ಲ. ಆ ವರ್ಷ ಅವನ ಹೋಟೆಲಿನವರು ಲಾಂಡ್ರಿಯನ್ನು ಮುಚ್ಚಿ ಹೊರಗಿನವರಿಗೆ ಕೊಡುವುದೆಂದು ಮಾಡಿದ್ದರು. ನಮ್ಮ ತಂಡಕ್ಕೊಬ್ಬ ಯಜಮಾನರಿದ್ದಾರೆ, ಕಟ್ಟಡ ಕ್ಲೀನಿಂಗಿನ ಕಂಪನಿ ಅವರದ್ದು. ತಂಡ ಉಳಿಸಿಕೊಂಡ ನಾಲ್ವರಲ್ಲಿ ಯಾರಿಗಾದರೂ ಕೆಲಸ ಹೋದರೆ ತಮ್ಮ ಕಂಪನಿಗೆ ತೆಗೆದುಕೊಂಡು ವೀಸಾ ಕೊಡುತ್ತಾರೆ. ಪಟ್ಟಿಯಲ್ಲಿ ಇಲ್ಲದವರಿಗೆ ಕೊಡುವುದಿಲ್ಲ. ಊರಲ್ಲಿ ಗಿಲ್ಬರ್ಟನ ಹೆಂಡತಿ, ನರ್ಸಿಂಗ್ ಸೇರಿದ ದೊಡ್ಡ ಮಗಳು, ಶಾಲೆಗೆ ಹೋಗುವ ಸಣ್ಣವಳು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಓದಲು ಚಂದವಿರುತ್ತದೆ, ಆದರೆ ಗೊತ್ತಿತ್ತು.

ಸುರೇಶ ಅಡುಗೆಮನೆಗೆ ಬಂದ. ಮೂರು ಹೆಸರು ಆಗಿತ್ತು, ನಾಲ್ಕನೆಯದು ಬಾಕಿ. ಒಂದೋ ಗಿಲ್ಬರ್ಟ್, ಇಲ್ಲವೇ ನಿಖಿಲ್. ನಿಖಿಲ್ ಎಂದರೆ ಹಿಂದಿನ ವರ್ಷ ಸೇರಿದವನು, ಜುಮೇರಾ ಲೇಕ್ ಟವರ್ಸ್‌ನಲ್ಲಿ ಆಫೀಸು, ಇಪ್ಪತ್ತಾರು ವರ್ಷ, ಕುದುರೆಯ ಹಾಗೆ ಓಡುವವನು.

"ದೊಡ್ಡಮ್ಮ, ಯಾರನ್ನು ಹಾಕುದು?"

ನಾನು ಮೂರನೇ ನಂಬರಿನ ಡಬ್ಬಿಯನ್ನು ಅಲ್ಲಾಡಿಸಿದೆ. ಖಾಲಿ ಡಬ್ಬಿಯಲ್ಲಿ ನಾಲ್ಕು ಕಾಳಿನ ಸದ್ದು.

"ಪೊರ್ಬು ಮುಗಿದ" ಎಂದೆ.

"ಅವನ ಕೆಲಸದ್ದು ಒಂದು ಉಂಟಲ್ಲ..."

"ಕೆಲಸ ಬೇರೆ, ಆಟ ಬೇರೆ. ಪಾಪ ಅಂತ ಹಳಸಿದ ಮೀನನ್ನು ಯಾರಾದ್ರೂ ತಗೊಳ್ತಾರಾ?"

ಸುರೇಶ ನನ್ನ ಮುಖವನ್ನು ಒಂದು ಕ್ಷಣ ನೋಡಿದ. "ನೀವು ಹೇಳಿದ ಮೇಲೆ ಆಯ್ತು" ಎಂದು ಹೊರಗೆ ಹೋದ. ನನಗೆ ಸಮಾಧಾನವೇ ಆಯಿತು. ಸರಿಯಾದ ಮಾತನ್ನು ಗಟ್ಟಿಯಾಗಿ ಹೇಳಿದವರಿಗೆ ಆಗುವ ಸಮಾಧಾನ.

ಪಟ್ಟಿ ವಾಟ್ಸಾಪಿನಲ್ಲಿ ಬಂತು. ಡ್ರಾಫ್ಟಿಗೆ ಇನ್ನು ಹತ್ತು ದಿನವಿತ್ತು, ಅಲ್ಲಿಯವರೆಗೆ ಹೆಸರು ಬದಲಿಸಲು ಅವಕಾಶವಿತ್ತು. ಎರಡು ದಿನ ಬಿಟ್ಟು ಗಿಲ್ಬರ್ಟ್ ಬಂದ. ಫೈನಲಿನ ದಿನ ರಾತ್ರಿಯ ಡ್ಯೂಟಿಗೆ ತಡವಾಗುತ್ತದೆಂದು ಆಟಕ್ಕೆ ಹಾಕಿದ ಬಟ್ಟೆಯಲ್ಲೇ ಬಸ್ ಹತ್ತಿದ್ದನಂತೆ, ಆ ಜೊತೆ ಬಟ್ಟೆ ಅವನ ಹತ್ತಿರವೇ ಉಳಿದಿತ್ತು. ವಾಪಸು ಕೊಡಲು ಬಂದಿದ್ದ. ಜೆರ್ಸಿಗೆ ಇಸ್ತ್ರಿ, ಚಡ್ಡಿಗೆ ಇಸ್ತ್ರಿ, ಹೋಟೆಲಿನಲ್ಲಿ ಶರ್ಟು ಮಡಿಸಿ ಕೊಡುತ್ತಾರಲ್ಲ, ಹಾಗೆ ನಡುವೆ ರಟ್ಟು ಇಟ್ಟು ಮಡಿಸಿದ್ದ. ಕಾಲುಚೀಲ ಹೊಸದರಂತೆ ಬೆಳ್ಳಗಿತ್ತು.

"ಇಷ್ಟೆಲ್ಲ ಯಾಕೆ ಮಾಡ್ಲಿಕ್ಕೆ ಹೋದೆ? ನಾನು ಒಗೀತಿರಲಿಲ್ವಾ?" ಎಂದೆ.

"ಜೆರ್ಸಿ ಪರವಾಗಿಲ್ಲ ದೊಡ್ಡಮ್ಮ. ಸಾಕ್ಸ್ ಮಾತ್ರ ನಾನು ಹಾಗೇ ಕೊಡುದಿಲ್ಲ. ಹೋದ ವರ್ಷ ಇಲ್ಲಿ ಊಟಕ್ಕೆ ಬಂದಾಗ ನೀವು ಬಾತ್‌ರೂಮಲ್ಲಿ ಕೂತು ಆ ಬೆರಳಲ್ಲಿ ಕೆರೀತಾ ಇದ್ರಿ. ನಂಗೆ ನೋಡ್ಲಿಕ್ಕಾಗಲಿಲ್ಲ. ಆಮೇಲಿಂದ ಗ್ರೌಂಡಿನ ನಳ್ಳಿಯಲ್ಲೇ ತಿರುಗಿಸಿ ತೊಳೆದು ಬ್ಯಾಗಿಗೆ ಹಾಕುದು. ನನ್ನ ಕೆಲಸವೇ ಅದಲ್ವಾ."

ಅವನು ನೀರು ಕುಡಿಯಲು ಲೋಟ ತೆಗೆಯುವಾಗ ಕಪಾಟಿನಲ್ಲಿ ಸಾಲಾಗಿಟ್ಟ ಡಬ್ಬಿಗಳನ್ನು ನೋಡಿದ. ದೊಡ್ಡಮ್ಮನ ಟೆಸ್ಟ್ ಅವನಿಗೂ ಗೊತ್ತಿದ್ದದ್ದೇ, ಡಬ್ಬಿಯನ್ನು ಕಣ್ಣಾರೆ ಕಂಡದ್ದು ಅವತ್ತು. ಮೂರನೆಯದನ್ನು ಕೈಗೆ ತೆಗೆದುಕೊಂಡು ಅಲ್ಲಾಡಿಸಿದ.

"ನಂದು ಕಡಿಮೆ ಉಂಟಲ್ಲ" ಎಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಿತ್ತು, ಸಿಟ್ಟಿಗೆ ಉತ್ತರ ಕೊಡುವುದು ನನಗೆ ಗೊತ್ತು. ಅವನು ಹೆಗಲಿನ ಬ್ಯಾಗಿನಿಂದ ತನ್ನ ಬೂಟು ತೆಗೆದ. ಮೇಜಿನ ಮೇಲಿನ ಪೇಪರಿನ ಮೇಲೆ ಒಂದೊಂದನ್ನೇ ಬೋರಲು ಹಾಕಿ ತಟ್ಟಿದ. ಕಪ್ಪು ಕಾಳು ಸುರಿಯಿತು. ಎರಡು ಬೂಟಿನಿಂದ ಒಂದು ಮುಷ್ಟಿಯಾಗುವಷ್ಟು.

"ಬೂಟು ನಿಮಗೆ ಕೊಡುದಲ್ಲ ಅಲ್ವಾ, ಹಾಗೆ ತೊಳೀಲಿಲ್ಲ" ಎಂದ. ಪೇಪರನ್ನು ಮಡಿಸಿ, ಕಾಳೊಂದೂ ಹೊರಗೆ ಬೀಳದ ಹಾಗೆ ಡಬ್ಬಿಗೆ ಸುರಿದು, ಮುಚ್ಚಳ ಹಾಕಿ ಇದ್ದಲ್ಲಿಯೇ ಇಟ್ಟ. ಊಟ ಮಾಡಿಕೊಂಡು ಹೋಗು ಎಂದೆ. ಬಸ್ಸಿಗೆ ಹೊತ್ತಾಯಿತು ಎಂದು ಹೋದ.

ಮಾರ್ಕೆಟ್ಟಿನಲ್ಲಿ ನಾನು ಹೊಸ ಹೆಂಗಸರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ ಒಂದಿತ್ತು. ತೊಳೆದ ಮೀನಿನ ಕಿವಿರು ನೋಡಿ ಏನನ್ನೂ ಹೇಳಬೇಡಿ. ಆ ಪಾಠ ನನಗೇ ನೆನಪಾಗಲಿಲ್ಲ. ಮಾರ್ಕೆಟ್ಟಿನಲ್ಲಿ ಕಿವಿರು ತೊಳೆಯುವವರು ಕಳ್ಳರು. ಇನ್ನೊಬ್ಬರ ಬೆರಳು ನೋಯುತ್ತದೆಂದು ತೊಳೆಯುವವರೂ ಇರುತ್ತಾರೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎಂಟು ದಿನ ಉಳಿದಿತ್ತು. ಇದನ್ನು ನೀವು ಗಮನಿಸಬೇಕು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಸಂಜೆ ಸುರೇಶ ಬಂದಾಗ, "ಪೊರ್ಬುವನ್ನು ವಾಪಸು ಹಾಕು" ಎಂದೆ.

"ಯಾಕೆ? ಮುಗಿದ ಅಂತ ನೀವೇ ಹೇಳಿದ್ದಲ್ವಾ?"

"ಹೌದು. ಹೇಳಿದ್ದೆ."

"ಮತ್ತೆ?"

ಮತ್ತೆ ಎಂದರೆ, ನಾನು ತಪ್ಪಿದೆ, ಕಾಳು ಅವನೇ ತೊಳೆಯುತ್ತಿದ್ದ, ಈ ಡಬ್ಬಿಯ ಆಟವೆಲ್ಲ ಮುದುಕಿಯ ಹುಚ್ಚು. ಇಷ್ಟು ಹೇಳಬೇಕಿತ್ತು. ನಾಲಿಗೆಯ ತುದಿಯವರೆಗೆ ಬಂತು. ಅಬುಧಾಬಿಯವರೆಗೆ ಹೋದ ಹೆಸರು ಅಡ್ಡ ಬಂತು. "ಮತ್ತೆಂತದೂ ಇಲ್ಲ, ಸುಮ್ಮನೆ ಹೇಳಿದೆ" ಎಂದೆ. ಅವನು ಟೀವಿ ಹಾಕಿದ. ಮರುದಿನ ಹೇಳುವ ಎಂದುಕೊಂಡೆ. ಅದರ ಮರುದಿನವೂ ಎಂದುಕೊಂಡೆ. ದಿನಕ್ಕೊಂದು ನೆಪ ಸಿಕ್ಕಿತು, ಎಂಟು ದಿನಕ್ಕೆ ಎಂಟು.

ಡ್ರಾಫ್ಟ್ ಭಾನುವಾರ ಬೆಳಗ್ಗೆ. ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಗೋಡೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ಎಲ್ಲರ ಫೋಟೋ. ನನ್ನ ಕಣ್ಣಿಗೆ ಕಾಣದ್ದನ್ನು ಪಕ್ಕದವರು ಹೇಳುತ್ತಿದ್ದರು. ಹೆಸರು ಕೂಗಿದ ಹಾಗೆ ಒಂದೊಂದೇ ಫೋಟೋ ಅಳಿಯುತ್ತ ಹೋಗುತ್ತದೆ. ಒಳಗೆ ಬರುವಾಗ ಹತ್ತಿರದಿಂದ ಕಂಡೆ, ಗಿಲ್ಬರ್ಟ್ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ. ಬಿಳಿ ಶರ್ಟು, ತೋಳಿನ ಮೇಲೆ ಇಸ್ತ್ರಿಯ ಗೆರೆ. ಬೇರೆ ತಂಡ ಆರಿಸಿದರೂ ಯಜಮಾನರ ಕೆಲಸ ಸಿಗುವುದಿಲ್ಲ, ಆದರೂ ಬಂದಿದ್ದ. ಯಾರಾದರೂ ಆರಿಸಿದರೆ ಅವರ ಹತ್ತಿರ ಕೇಳಬಹುದೆಂದಿರಬೇಕು. ಒಂದು ಸುತ್ತು ಆಯಿತು, ಎರಡು, ಮೂರು. ಕ್ಯಾಪ್ಟನುಗಳು ತಲೆಗೆ ತಲೆ ತಾಗಿಸಿ ಗುಸುಗುಸು ಮಾಡುವುದು, ಲ್ಯಾಪ್‌ಟಾಪು ನೋಡುವುದು, ಕೈ ಎತ್ತುವುದು. ಅಬುಧಾಬಿಯ ಒಂದು ತಂಡದವರು ಅವನ ಫೋಟೋದ ಕಡೆ ಕೈ ತೋರಿಸಿದರು. ಅವರಲ್ಲೊಬ್ಬ ಏನೋ ಹೇಳಿದ. ನನ್ನ ಮುಂದಿನ ಸಾಲಿನವರಿಗೆ ಕೇಳಿಸಿತು, ನನಗೂ ಕೇಳಿಸಿತು.

"ಬೇಡ ಮಾರಾಯ. ಅಳಿವೆಯವರ ದೊಡ್ಡಮ್ಮನೇ ರಿಜೆಕ್ಟ್ ಮಾಡಿದ್ದಂತೆ."

ಆರನೆಯ ಸುತ್ತಿಗೆ ಪರದೆಯ ಮೇಲೆ ಐದು ಫೋಟೋ ಉಳಿಯಿತು. ಮೈಕು ಹಿಡಿದವನು "ಯಲ್ಲಾ, ಖಲಾಸ್, ಬಿರಿಯಾನಿ ರೆಡಿ" ಎಂದ. ಎಲ್ಲರೂ ಎದ್ದರು. ಪರದೆ ಆರಿಸಲು ಯಾರಿಗೂ ನೆನಪಾಗಲಿಲ್ಲ. ಊಟ ಮುಗಿಯುವವರೆಗೆ ಆ ಐದು ಮುಖ ಗೋಡೆಯ ಮೇಲೆಯೇ ಇತ್ತು, ಅದರ ಕೆಳಗೆ ನಿಂತು ಜನ ಉಂಡರು.

ಗಿಲ್ಬರ್ಟ್ ನನ್ನ ಹತ್ತಿರ ಬಂದ. ತಟ್ಟೆ ತೆಗೆದುಕೊಂಡಿರಲಿಲ್ಲ. "ಬರ್ತೇನೆ ದೊಡ್ಡಮ್ಮ. ಕಣ್ಣಿಂದು ಬೇಗ ಮಾಡಿಸ್ಕೊಳ್ಳಿ" ಎಂದ. ಆಯಿತು ಎಂದೆ. ಆಗಲೂ ಅಷ್ಟೇ ಹೇಳಿದೆ.

ಡಿಸೆಂಬರಿನಲ್ಲಿ ಅವನ ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೋದ. ದೊಡ್ಡ ಮಗಳ ನರ್ಸಿಂಗ್ ನಡುವಿನಲ್ಲೇ ನಿಂತಿತು ಎಂದು ಯಾರೋ ಹೇಳಿದರು. ಅವನು ಬಟ್ಟೆಯಂಗಡಿಯೊಂದರಲ್ಲಿ ನಿಲ್ಲುತ್ತಾನೆ ಎಂದೂ ಕೇಳಿದ್ದೇನೆ. ಅದಕ್ಕಿಂತ ಹೆಚ್ಚು ನಾನು ವಿಚಾರಿಸಲಿಲ್ಲ, ಧೈರ್ಯ ಇರಲಿಲ್ಲ. ಅಳಿವೆ ಬಾಯ್ಸ್ ಆ ವರ್ಷ ಏಳನೆಯ ಸ್ಥಾನ. ನಿಖಿಲನ ಕಾಲುಚೀಲದಲ್ಲಿ ಕಾಳು ತುಂಬಿರುತ್ತಿತ್ತು. ಎಡಗಡೆಯಲ್ಲಿ ಗೋಲೂ ತುಂಬುತ್ತಿತ್ತು. ನಾನು ಒಂದು ದಿನ ಎಲ್ಲ ಡಬ್ಬಿಗಳನ್ನೂ ಕಸಕ್ಕೆ ಖಾಲಿ ಮಾಡಿ, ತೊಳೆದು, ಜೀರಿಗೆ ಮೆಂತೆ ತುಂಬಿಸಿದೆ. ಮೂರನೆಯದನ್ನು ಮಾತ್ರ ಸಾಸಿವೆಯ ಹಿಂದಕ್ಕೆ ತಳ್ಳಿದೆ. ಇನ್ನು ಕಾಳು ಅಳೆಯುವುದಿಲ್ಲ ಎಂದು ಸುರೇಶನಿಗೆ ಹೇಳಿದಾಗ ಅವನು ಯಾಕೆಂದು ಕೇಳಲಿಲ್ಲ. ಆದರೂ ಪ್ರತಿ ಸೆಪ್ಟೆಂಬರಿನಲ್ಲಿ ಪಟ್ಟಿ ಹಿಡಿದುಕೊಂಡು ನನ್ನ ಹತ್ತಿರ ಬರುವುದನ್ನು ಬಿಟ್ಟಿರಲಿಲ್ಲ. ಬಾಯಿಗೆ ಬಂದ ಹೆಸರು ಹೇಳಿ ಕಳಿಸುತ್ತಿದ್ದೆ.

ಇವತ್ತೂ ಬಂದ. ಶನಿವಾರ, ಹೆಂಡತಿ ಡ್ಯೂಟಿಯಲ್ಲಿ. ಊಟಕ್ಕೆ ಕೂತು ಫೋನನ್ನು ಬಟ್ಟಲಿಗೆ ಒರಗಿಸಿಟ್ಟ. ಮೂಗು ಅರಳಿಸಿದ.

"ಎಂತ ದೊಡ್ಡಮ್ಮ ಇದು? ಟಯರಿನ ವಾಸನೆ?"

ನಾನು ಡಬ್ಬಿಯನ್ನು ಅವನ ಮುಂದಿಟ್ಟೆ. ಮುಚ್ಚಳದ ಮೇಲಿನ ಅಂಕೆಯನ್ನು ಓದಿದ. ಅವನು ಮಾತಾಡುವ ಮೊದಲೇ ಹೇಳಿಬಿಟ್ಟೆ. ನಳ್ಳಿಯದ್ದು, ಬೂಟಿನದ್ದು, ಎಂಟು ದಿನದ್ದು, ಎಲ್ಲವನ್ನೂ. ಮೂರು ವರ್ಷ ಹಿಡಿದಿಟ್ಟದ್ದು ಎರಡು ನಿಮಿಷದಲ್ಲಿ ಮುಗಿಯಿತು. ಇಷ್ಟೇಯಾ ಎನಿಸಿತು.

ಸುರೇಶ ಫೋನನ್ನು ಮಗುಚಿ ಇಟ್ಟ.

"ನಂಗೆ ಗೊತ್ತಿತ್ತು" ಎಂದ.

"ಎಂತ ಗೊತ್ತಿತ್ತು?"

"ಅವ ನಳ್ಳಿಯಲ್ಲಿ ಸಾಕ್ಸ್ ತೊಳೆಯುದು. ಪ್ರತಿ ವಾರ ನೋಡ್ತಿದ್ದೆನಲ್ಲ. ಅವನ ಕಾಲಿಗೆ ಎಂತದೂ ಆಗಿರಲಿಲ್ಲ. ಯಜಮಾನರಿಗೆ ನಿಖಿಲ್ ಬೇಕಿತ್ತು, ಅವನ ಅಪ್ಪ ಇವರಿಗೆ ಬೇಕಾದವರು. ಗಿಲ್ಬರ್ಟನ ಮುಖ ನೋಡಿ ನಾನು ಹೇಗೆ ಹೇಳುದು? ಅಷ್ಟರಲ್ಲಿ ನೀವು ಹೇಳಿದ್ರಿ..." ಅಲ್ಲಿಗೆ ನಿಲ್ಲಿಸಿದ. ಆಮೇಲೆ, "ನೀವು ಹೇಳಿದ್ದು ನಂಗೆ ಅನುಕೂಲ ಆಯ್ತು" ಎಂದ.

ಪಟ್ಟಿ ಬದಲಿಸಲು ಹೇಳಿದ ಸಂಜೆ ಅವನು "ಮತ್ತೆ?" ಎಂದು ಕೇಳಿ, ನಾನು ಮಾತು ನುಂಗಿದ ಕೂಡಲೇ ಟೀವಿ ಹಾಕಿದ್ದು ನನಗೆ ಈಗ ಅರ್ಥವಾಯಿತು. ನಾನು ಹೇಳದೆ ಇರಲಿ ಎಂದು ಅವನೂ ಕಾಯುತ್ತಿದ್ದ. ಇದರಿಂದ ನನ್ನ ಭಾರ ಅರ್ಧವಾಯಿತು ಎಂದು ನೀವು ತಿಳಿಯಬಹುದು. ಆಗಲಿಲ್ಲ. ಪೊರ್ಬುವಿಗೆ ಅನ್ಯಾಯ ಮಾಡಿದವರು ಒಬ್ಬರಲ್ಲ ಇಬ್ಬರು ಎಂದಾಯಿತು, ಅಷ್ಟೇ. ಗಿಲ್ಬರ್ಟನ ಲೆಕ್ಕದಲ್ಲಿ ಅದು ಕಡಿಮೆಯಾದದ್ದಲ್ಲ.

"ಬೇರೆ ಎಂತಾದ್ರೂ ತರಿಸ್ಲಾ?" ಎಂದು ಸುರೇಶ ಬಾಗಿಲ ಕಡೆ ನೋಡಿದ.

"ಬೇಡ" ಎಂದೆ. ಮೊಮ್ಮಗಳಿಗೆ ಮೊಸರನ್ನ ಕಲಸಿ ಒಳಗೆ ಕೊಟ್ಟು ಬಂದೆ. ಸಾರಿನಲ್ಲಿದ್ದ ರಬ್ಬರಿನ ಕಾಳನ್ನೆಲ್ಲ ಸೌಟಿನಿಂದ ಆಗಲೇ ಹೆಕ್ಕಿ ತೆಗೆದಿದ್ದೆ. ವಾಸನೆಯನ್ನು ಹೆಕ್ಕಲಿಕ್ಕಾಗುವುದಿಲ್ಲ. ಇಬ್ಬರ ಬಟ್ಟಲಿಗೂ ಕುಚ್ಚಲಕ್ಕಿ ಅನ್ನ ಹಾಕಿ, ಅದರ ಮೇಲೆ ಆ ಸಾರನ್ನೇ ಸುರಿದೆ.

ನಾಲ್ಕು ತುತ್ತು ಇಳಿದ ಮೇಲೆ ಸುರೇಶ ಅಭ್ಯಾಸದ ಮೇಲೆ ಫೋನನ್ನು ಮತ್ತೆ ನೆಟ್ಟಗೆ ಮಾಡಿದ. "ನಾಲ್ಕನೇ ಹೆಸರು ಯಾರ್ದು ಹಾಕ್ಲಿ ದೊಡ್ಡಮ್ಮ?"

"ಆಟ ನೋಡುವವ ನೀನು" ಎಂದೆ. "ಹೆಸರೂ ನೀನೇ ಹೇಳು. ಹೊರಗೆ ಬಿಟ್ಟವನ ಮನೆಗೆ ಹೋಗಿ, ನಾನೇ ಬಿಟ್ಟದ್ದು ಅಂತಲೂ ನೀನೇ ಹೇಳು."

ಅವನು ಫೋನನ್ನು ಮತ್ತೆ ಮಗುಚಿ ಇಟ್ಟ. ನಾನು ಒತ್ತಾಯ ಮಾಡಲಿಲ್ಲ. ಬಟ್ಟಲು ಖಾಲಿಯಾಗುವವರೆಗೆ ಇಬ್ಬರೂ ತಲೆ ತಗ್ಗಿಸಿ ಉಂಡೆವು. ಸಾಲದ್ದಕ್ಕೆ ನಾನು ಇನ್ನೊಂದು ಸೌಟು ಬಡಿಸಿಕೊಂಡೆ.